ಎಂಪಿಯ ಪಕ್ಕದ ಹೆಣ

“ಏ ಮುಂಡೆ, ಕಾರ್ಪೆಟ್ ಮೇಲೆ ಕಾಲಿಡ್ಬೇಡ. ಎಂಪಿ ಸಾಹೇಬ್ರು ನಡೆಯೋ ಜಾಗ ಅದು.”

ಗುತ್ತಿಗೆದಾರ ನಿಶಾಂತ್ ಬೈದಾಗ ಮಾಸ್ತಮ್ಮ ಪೊರಕೆ ಎತ್ತಿಕೊಂಡು ಗೋಡೆಯ ಬದಿಗೆ ಸರಿದಳು. ಶಿವಮೊಗ್ಗದ ಆ ಸಭಾಭವನದಲ್ಲಿ ಅವತ್ತು ಹೊಸ ಸಂಸದ ಆನಂದನಿಗೆ ಸನ್ಮಾನ. ಕಸ ಗುಡಿಸಿ ಎಲೆ ಎತ್ತಲೆಂದು ಭದ್ರಾವತಿಯಿಂದ ಆರು ಹೆಂಗಸರನ್ನು ಕರೆತಂದಿದ್ದರು.

ಗೋಡೆಯುದ್ದಕ್ಕೂ ಆನಂದ ಮೇಲೇರಿದ ಹಾದಿಯ ಫ್ಲೆಕ್ಸ್ ಕಟ್ಟಿದ್ದರು. ಕಾರ್ಮಿಕ ಸಂಘದ ಕಾರ್ಯದರ್ಶಿ, ನಗರಸಭೆ ಸದಸ್ಯ, ಶಾಸಕ, ಈಗ ಸಂಸದ. ಮೊದಲ ಚಿತ್ರದೆದುರು ಮಾಸ್ತಮ್ಮನ ಕೈ ನಿಂತಿತು. ಕಾರ್ಖಾನೆಯ ಗೇಟಿನ ಮುಂದೆ, ಚಾಪೆಯ ಮೇಲೆ, ಅವಳ ಗಂಡ ಪುಟ್ಟಪ್ಪನ ಹೆಣ. ಪಕ್ಕದಲ್ಲಿ ಕೈಮುಗಿದು ಕೂತ ಆನಂದ. ಗಂಡನದೊಂದು ಫೋಟೋ ಕೂಡ ಅವಳ ಮನೆಯಲ್ಲಿರಲಿಲ್ಲ.

ಹದಿನಾರು ವರ್ಷದ ಹಿಂದೆ ಕ್ರೇನಿನ ಸರಪಳಿ ಹರಿದು ಪುಟ್ಟಪ್ಪ ಸತ್ತಿದ್ದ. ಗುತ್ತಿಗೆ ಕೂಲಿಯವನು ತಮ್ಮವನೇ ಅಲ್ಲವೆಂದು ಕಾರ್ಖಾನೆಯವರು ಕೈತೊಳೆದುಕೊಂಡರು. ಹೆಂಡತಿಗೆ ಕಾಯಂ ಕೆಲಸ ಕೊಡುವತನಕ ಹೆಣ ಎತ್ತುವುದಿಲ್ಲವೆಂದು ಆನಂದ ಎರಡು ದಿನ ಧರಣಿ ಕೂತ. ವಾಸನೆ ಬಂದರೂ ಅವನ ಮಾತು ನಂಬಿ ಅವಳೂ ಕೂತಳು. ಕೆಲಸವೇನೋ ಬಂತು, ಆನಂದನ ಭಾಮೈದನಿಗೆ. ಅವಳ ಕೈಗೆ ಪೊರಕೆ ಬಂತು.

ಸನ್ಮಾನ ಮುಗಿದು ಆನಂದ ಹೊರಟಾಗ ಮಾಸ್ತಮ್ಮ ಅಡ್ಡ ಬಂದಳು.

“ಅಣ್ಣ, ನಾನು ಪುಟ್ಟಪ್ಪನ ಹೆಂಡ್ತಿ. ಆ ಫೋಟೋದಾಗೆ ಮಲಗಿರೋರು ನಮ್ಮನೆಯೋರು.”

ಅವನು ಫ್ಲೆಕ್ಸ್ ನೋಡಿದ, ಅವಳನ್ನು ನೋಡಿದ. ಗುರುತು ಹತ್ತಲಿಲ್ಲ.

“ಹೌದಾ ತಾಯಿ. ಊಟ ಮಾಡ್ಕೊಂಡು ಹೋಗಿ,” ಎಂದು ಕೈಮುಗಿದು ಕಾರು ಹತ್ತಿದ.

ಊಟದ ಸಾಲಿನಲ್ಲಿ ನಿಶಾಂತ್ ತಡೆದ. ಎಲೆ ಎತ್ತುವವರು ಕೊನೆಗೆ ತಿನ್ನಬೇಕಂತೆ.

ಮಾಸ್ತಮ್ಮ ಅಡುಗೆಯವರ ತರಕಾರಿ ಚಾಕು ತೆಗೆದುಕೊಂಡು ಒಳಗೆ ಹೋಗಿ, ಕುರ್ಚಿ ಹತ್ತಿ, ಪುಟ್ಟಪ್ಪನನ್ನು ಚಾಪೆಯ ಸಮೇತ ಫ್ಲೆಕ್ಸಿನಿಂದ ಕೊಯ್ದು ತೆಗೆದಳು. ನಿಶಾಂತ್ ಓಡಿಬಂದು ರಟ್ಟೆ ಹಿಡಿದ.

“ಲೌಡಿ, ಯಾರಪ್ಪನ್ದು ಅಂದ್ಕೊಂಡಿದೀಯ ಅದು?”

“ನನ್ ಗಂಡನ ಹೆಣ ಕಣಯ್ಯ. ಅವತ್ತು ಎತ್ತೋಕೆ ಬಿಡ್ಲಿಲ್ಲ ನೀವು. ಇವತ್ತು ಎತ್ತಿದೀನಿ.”

ಚಾಕು ಅವಳ ಕೈಯಲ್ಲೇ ಇತ್ತು. ಅವನು ರಟ್ಟೆ ಬಿಟ್ಟ.

ಭದ್ರಾವತಿಯ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಮಡಚಿದರೆ ಮುಖದ ಮೇಲೆ ಗೆರೆ ಬೀಳುತ್ತದೆಂದು ಮಾಸ್ತಮ್ಮ ಆ ತುಂಡನ್ನು ಬಿಡಿಸಿಯೇ ಎದೆಗಾನಿಸಿಕೊಂಡು ನಿಂತಳು. ಎದುರು ಸೀಟಿನವರು ಹೆಣದ ಮುಖ ಕಂಡು, ಒಬ್ಬೊಬ್ಬರಾಗಿ, ಕಿಟಕಿಯತ್ತ ತಿರುಗಿಕೊಂಡರು.