ಊಟ ಮುಗಿಯುವವರೆಗೆ

ಪೋಲೆಂಡಿನ ವೂಜ್ ನಗರದ ಎಡಿಟಿಂಗ್ ಕೋಣೆಯಲ್ಲಿ ನಾವು ಮೂವರಿದ್ದೆವು. ಎಡಿಟರ್ ಆದ ನಾನು, ನಿರ್ದೇಶಕಿ ಬೊಗ್ನಾ, ನಿರ್ಮಾಪಕರಾದ ವಿತೋಲ್ಡ್. ಜಗಳವೆಲ್ಲ ಒಂದೇ ದೃಶ್ಯಕ್ಕೆ.

ಕ್ರಿಸ್‌ಮಸ್ ಹಿಂದಿನ ಸಂಜೆ. ನಮ್ಮ ಎಲ್ಲರ ಮನೆಗಳಂತೆ ಸಿನಿಮಾದ ಮನೆಯಲ್ಲೂ ಕರೆಯದೆ ಬರುವ ಅತಿಥಿಗೆಂದು ಒಂದು ತಟ್ಟೆ ಹೆಚ್ಚು ಇಟ್ಟಿದ್ದಾರೆ. ಸತ್ತ ಮಗ ಬಂದು ಅದರ ಮುಂದೆ ಕೂರುತ್ತಾನೆ. ಯಾರೂ ಏನೂ ಕೇಳುವುದಿಲ್ಲ. ತಾಯಿ ಬೀಟ್‌ರೂಟ್ ಸಾರು ಬಡಿಸುತ್ತಾಳೆ. ಅವನು ಚಮಚ ಎತ್ತುತ್ತಾನೆ. ಅಲ್ಲಿಗೆ ಕಟ್.

"ಏನಮ್ಮಾ ಇದು, ದೆವ್ವದ ಸಿನಿಮಾನೋ ಹೋಟೆಲ್ ಜಾಹೀರಾತೋ?" ಎಂದರು ವಿತೋಲ್ಡ್. "ಅವನ ಮುಖ ಕೊಳೆತು ಕಳಚಿ ಬೀಳ್ಬೇಕು. ಢಮಾರ್ ಅಂತ ಸದ್ದು. ಜನ ಕುರ್ಚಿಯಿಂದ ಹಾರ್ಬೇಕು."

"ಹಾರ್ತಾರೆ, ನಗ್ತಾರೆ, ಪಾಪ್‌ಕಾರ್ನ್ ತಿಂತಾರೆ. ಬಸ್ ಹತ್ತೋಷ್ಟ್ರಲ್ಲಿ ಮರೆತಿರ್ತಾರೆ," ಎಂದಳು ಬೊಗ್ನಾ.

"ನಿಂದ್ರಲ್ಲಿ ಹೆದರೋಕೆ ಏನಿದೆ?"

"ಅವನು ಬಂದ ಅಂತ ಭಯ ಅಲ್ಲ ಸಾರ್. ಊಟ ಮುಗಿದ್ರೆ ಎದ್ದು ಹೋಗ್ತಾನಲ್ಲ, ಅದು."

"ಭಾಷಣ ಬೇಡ. ಢಮಾರ್ ಇಲ್ದಿದ್ರೆ ಈ ಸಿನಿಮಾ ಈ ರೂಮಿಂದ ಆಚೆ ಹೋಗಲ್ಲ."

ಬೊಗ್ನಾ ಮುಖ ಬಿಳಿಚಿತು. ಅವಳಿಗೆ ಇದು ಮೊದಲ ಸಿನಿಮಾ.

ನಾನು ಎರಡೂ ಥರ ಜೋಡಿಸಿ ತೋರಿಸಿದೆ. ಸದ್ದಿದ್ದದ್ದಕ್ಕೆ ವಿತೋಲ್ಡ್ ಬೆಚ್ಚಿ, ಆಮೇಲೆ ಹಾಯಾಗಿ ನಕ್ಕರು. ಸದ್ದಿಲ್ಲದ್ದಕ್ಕೆ ನಗಲಿಲ್ಲ. ಪರದೆ ಕಪ್ಪಾದ ಮೇಲೂ ಅದನ್ನೇ ನೋಡುತ್ತಿದ್ದರು. ಅವರ ಮಗ ಮೀನಿನ ದೋಣಿಯಲ್ಲಿ ಹೋದವನು ಬಾಲ್ಟಿಕ್ ಸಮುದ್ರದಿಂದ ವಾಪಸ್ ಬಂದಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ. ಇದು ನಮ್ಮಿಬ್ಬರಿಗೂ ಗೊತ್ತಿತ್ತು.

"ನಮ್ಮನೇಲಿ ಆ ತಟ್ಟೆಗೆ ಸಾರೂ ಬಡಿಸ್ತಾಳೆ ನನ್ನ ಹೆಂಡ್ತಿ," ಎಂದರು. "ಆರಿಹೋಗುತ್ತೆ."

ಆಮೇಲೆ ಪರದೆಯತ್ತ ಬೆರಳು ತೋರಿಸಿದರು.

"ಚಮಚ ಎತ್ತಿದ ಮೇಲೆ? ಶೂಟ್ ಮಾಡಿರ್ತೀರಲ್ಲ?"

"ಮಾಡಿದೀವಿ. ಸಿನಿಮಾಗೆ ಉದ್ದ ಆಗುತ್ತೆ ಸಾರ್," ಎಂದಳು ಬೊಗ್ನಾ.

"ಸಿನಿಮಾಗೆ ನೀನು ಕಟ್ ಮಾಡಿದ್ದೇ ಇರ್ಲಿ. ಢಮಾರ್ ಬೇಡ. ಇದು ನಂಗೆ."

ಹಾಕಿದೆ. ನಟ ಸಾರು ಕುಡಿದ. ಬ್ರೆಡ್ಡಿನಿಂದ ತಟ್ಟೆ ಒರೆಸಿ ತಿಂದ. ಆಮೇಲೆ ಕ್ಯಾಮೆರಾ ಕಡೆ ತಿರುಗಿ, "ಸಾಕಾ ಬೊಗ್ನಾ?" ಎಂದ.

"ಆ ಮಾತು ಬರೋಕೆ ಮುಂಚೆ ನಿಲ್ಲಿಸು," ಎಂದರು ವಿತೋಲ್ಡ್. ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡರು. "ಇನ್ನೊಂದ್ಸಲ. ನಿಧಾನವಾಗಿ ಓಡ್ಸೋಕೆ ಬರುತ್ತೇನಪ್ಪ?"

"ಬರುತ್ತೆ ಸಾರ್," ಎಂದೆ.