ಆಚೆ ದಡಕ್ಕೆ ಕೂಗುವ ಹೆಸರು

ನದಿ ದಡದ ನಮ್ಮೂರಿನ ಅರಬ್ಬಿ ಹೆಸರನ್ನು ಹಳೆಯ ರೀತಿಯಲ್ಲಿ ಉಚ್ಚರಿಸುವವರು ನಮ್ಮತ್ತೆ ಒಬ್ಬರೇ ಉಳಿದಿದ್ದರು. ಅದನ್ನು ರೆಕಾರ್ಡ್ ಮಾಡಿಕೊಳ್ಳಲು ದಾಖಲೆ ಕಚೇರಿಯವರು ಎರಡು ವರ್ಷ ಮನೆಗೆ ಅಲೆದರು. ಅತ್ತೆ ಜಪ್ಪಯ್ಯ ಅಂದರೂ ಬಾಯಿ ಬಿಡಲಿಲ್ಲ. ಅವರ ಮಗ, ಅಂದರೆ ನನ್ನ ಗಂಡ, ದೋಣಿ ಸಮೇತ ಕಾಣೆಯಾಗಿ ಹನ್ನೊಂದು ವರ್ಷ. ಅಂದಿನಿಂದ ಊರಿನ ಆ ಹೆಸರು ಅವರ ನಾಲಿಗೆಗೆ ಬಂದಿರಲಿಲ್ಲ. ಮೊನ್ನೆ ಅವರೇ ಚಪ್ಪಲಿ ಮೆಟ್ಟಿ ನಿಂತರು. "ನಡಿಯೇ. ನಾನು ಹೋದ್ಮೇಲೆ ಅವನನ್ನ ಕರೆಯೋರು ಯಾರಿದಾರೆ?"

ಕಚೇರಿಯ ರೆಕಾರ್ಡಿಂಗ್ ಕೋಣೆಯ ಗೋಡೆ ತುಂಬ ಸದ್ದು ತಡೆಯುವ ಸ್ಪಂಜು. ಟಿಕ್‌ಟಿಕ್ ಅನ್ನುತ್ತದೆಂದು ಗಡಿಯಾರವನ್ನೂ ಹೊರಗಿಟ್ಟಿದ್ದರು. ರೆಕಾರ್ಡಿಂಗ್‌ನವನು ಕಡತ ನೋಡಿ, "ಹೆಸರಿನ ಮೂಲ 'ಕೋಟೆ' ಅನ್ನೋ ಪದ ಅಂತ ಬರ್ದಿದೆ ಅಜ್ಜಿ" ಎಂದ.

"ಕೋಟೆ ಕಟ್ಟೋರು ನದೀನ ಈಜ್ಕೊಂಡ್ ಬಂದ್ರೇನಪ್ಪ?"

ಅವನು ನಕ್ಕ. ಅತ್ತೆ ಬಿಡಿಸಿ ಹೇಳಿದರು. ಅದು ಮೊದಲು ಊರಿನ ಹೆಸರೇ ಅಲ್ಲ, ಆಚೆ ದಡದ ಅಂಬಿಗನನ್ನು ಕರೆಯುವ ಕೂಗು. ಮೊದಲಕ್ಷರ ಗಂಟಲಿನ ಬುಡದಿಂದ ಏಳಬೇಕು, ಕೊನೆಯದನ್ನು ಆಚೆಯಿಂದ ಓಗೊಡುವವರೆಗೂ ಎಳೆಯಬೇಕು. ದೋಣಿಗೆ ಕಾಯುವವರು ದಡದಲ್ಲೇ ಮನೆ ಕಟ್ಟಿಕೊಂಡರು, ಊರಾಯಿತು, ಕೂಗೇ ಅದರ ಹೆಸರಾಯಿತು.

"ಇಲ್ಲಿ ಯಾರೂ ಓಗೊಡೋ ಹಾಗಿಲ್ಲ. ರೆಕಾರ್ಡಿಂಗ್ ಕೆಡುತ್ತೆ" ಎಂದ ಅವನು.

ಅತ್ತೆ ಕರೆದರು. ಎಪ್ಪತ್ತೆಂಟರ ಒಣ ಗಂಟಲಲ್ಲಿ ಅಷ್ಟು ದನಿ ಎಲ್ಲಿ ಅಡಗಿತ್ತೋ. ಉಸಿರು ಮುಗಿದ ಮೇಲೂ ನಾವು ಮೂವರೂ ಮಿಸುಕಲಿಲ್ಲ.

ಅವನು ಅದನ್ನು ಮತ್ತೆ ಹಾಕಿ ಕೇಳಿಸಿದ. ಅತ್ತೆಯ ದನಿ ನಿಂತಿತು. ಆಮೇಲೆ ಬಲು ದೂರದಿಂದ ಗಂಡಸಿನ ದನಿ: "ಬಂದೆ."

ಅವನು ಬಾಗಿಲು ತೆಗೆದು ನೋಡಿದ. ಪಡಸಾಲೆ ಖಾಲಿ. "ಹೊರಗೆ ಯಾರೋ ಮಾತಾಡಿರ್ಬೇಕು. ಆ ಚೂರು ಕತ್ತರಿಸ್ತೀನಿ ಬಿಡಿ."

"ಕತ್ತರಿಸು ನೋಡೋಣ, ಕೈ ಮುರೀತೀನಿ" ಎಂದರು ಅತ್ತೆ, ಮೆಲ್ಲಗೆ. ನನ್ನ ಕಡೆ ತಿರುಗಿದರು. "ಅವನೇ ತಾನೇ?"

ನಾನು ಹೊಲಿಗೆಯವಳು, ಅಳತೆಗೆ ಸಿಗದ್ದನ್ನು ನಂಬುವುದಿಲ್ಲ. ಆದರೆ ಎಬ್ಬಿಸಿದಾಗಲೆಲ್ಲ 'ಬಂದೆ' ಎಂದು ಮತ್ತೆ ಮಗ್ಗುಲಾಗುತ್ತಿದ್ದ ಆ ದನಿಯ ಪಕ್ಕ ಆರು ವರ್ಷ ಮಲಗಿದವಳು.

"ಹೂಂ, ಅವರೇ."

ಕಚೇರಿ ಮುಚ್ಚುವ ಹೊತ್ತಾಯಿತು. ಅತ್ತೆ ಏಳಲಿಲ್ಲ. "ಕರೆದೋರು ಎದ್ದು ಹೋದ್ರೆ, ಬರೋನಿಗೆ ದಡ ಯಾವ್ದು ಅಂತ ಹೇಗೆ ಗೊತ್ತಾಗ್ಬೇಕು?"

ಅವನು ಬೀಗದ ಕೈ ಹಿಡಿದು ನನ್ನನ್ನು ಕೇಳಿದ: "ಎಷ್ಟ್ ಹೊತ್ತಾಗುತ್ತಕ್ಕ?"

"ಗಾಳಿ ಹೇಗಿದ್ಯೋ ನೋಡ್ಬೇಕಪ್ಪ" ಎಂದೆ. ನಾನೂ ಕುರ್ಚಿ ಎಳೆದುಕೊಂಡು ಕೂತೆ.

ಅವನು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಆ ದಪ್ಪ ಬಾಗಿಲು ತಾನಾಗಿ ಮುಚ್ಚಿಕೊಳ್ಳದ ಹಾಗೆ, ತನ್ನ ಊಟದ ಚೀಲವನ್ನು ಅದಕ್ಕೆ ಅಡ್ಡವಿಟ್ಟ.