ಮುರಿದ ಕಾಂಡದ ವಾಸನೆ

ಲಾಝಾರ್ ಇಸ್ನಾರ್ ಮೊಣಕೈಯ ಮಡಿಕೆಯಲ್ಲಿ ಮೂಗು ಹುದುಗಿಸಿ ಉಸಿರೆಳೆದುಕೊಂಡ. ಮೂಗು ದಣಿದಾಗ ಗ್ರಾಸ್ ಊರಿನ ಸುಗಂಧಕಾರರೆಲ್ಲ ಮಾಡುವುದು ಇದನ್ನೇ. ತನ್ನ ಮೈಯ ವಾಸನೆಯೇ ಅಳತೆಯ ಸೊನ್ನೆ. ಅಲ್ಲಿಗೆ ಹಿಂತಿರುಗಿ ಮತ್ತೆ ಶುರುಮಾಡಬೇಕು.

"ಹಸಿರು ಅಂದ್ರೆ ಹಸಿರೇ," ಎಂದಳು ಮದಾಂ ವಾಲ್‌ಬೆಲ್, ಅವನು ಸೆಂಟಿನಲ್ಲಿ ಅದ್ದಿ ಕೊಟ್ಟ ಕಾಗದದ ಪಟ್ಟಿಯನ್ನು ಮೂಗಿನ ಮುಂದೆ ಆಡಿಸುತ್ತ. "ಸಿಹಿಯಿಲ್ಲ, ಹೂವಿಲ್ಲ. ಆದ್ರೆ ಇದು ಎಲ್ಲಿಂದ ಬಂತು, ಇಸ್ನಾರ್?"

ಅವಳದು ಸಣ್ಣ ಅಂಗಡಿ. ಅಲ್ಲಿಗೆ ಬರುವವರು ಮೊದಲು ಕತೆ ಕೊಳ್ಳುತ್ತಾರೆ, ಆಮೇಲೆ ಸೆಂಟು. ಸಂಜೆಯೊಳಗೆ ಇದರ ಸ್ಫೂರ್ತಿ ಏನೆಂದು ಹೇಳದಿದ್ದರೆ ಪ್ಯಾರಿಸ್‌ನ ಇನ್ನೊಬ್ಬ ಸುಗಂಧಕಾರನ ಅಂಜೂರದ ಸೆಂಟಿಗೇ ಹೂಂ ಅನ್ನುವುದಾಗಿ ಅವಳು ನಗುತ್ತಲೇ ತಿಳಿಸಿದಳು.

ಸ್ಫೂರ್ತಿ. ಹಗಲು ಸೀಸೆ ತೊಳೆದು, ಸಂಜೆ ತರಗತಿಯಲ್ಲಿ ರಸಾಯನಶಾಸ್ತ್ರ ಕಲಿತವನಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಇಷ್ಟು ವರ್ಷ ಅವನು ಕೂಡಿಸಿದ ಪರಿಮಳವೆಲ್ಲ ಸಾಬೂನಿಗೆ, ನೆಲ ಒರೆಸುವ ನೀರಿಗೆ ಹೋಗಿತ್ತು. ಇದೊಂದೇ ಯಾರೂ ಕೇಳದೆ ಹುಟ್ಟಿದ್ದು. ಕೈ ತಾನಾಗಿ ವಯೊಲೆಟ್ ಎಲೆಯ ಸಾರದ ಕಡೆಗೆ, ಆ ಕಹಿ ಅಂಟಿನ ಕಡೆಗೆ ಹೋಗಿತ್ತು. ಸಾಕು ಅನ್ನಿಸಿದಲ್ಲಿ ನಿಂತಿತ್ತು. ಯಾಕೆಂದು ಗೊತ್ತಿಲ್ಲ. ಬೇರೆ ಯಾರೋ ಮಾಡಿದ್ದನ್ನು ಎಂದೋ ಮೂಸಿ ಮರೆತು, ಈಗ ತನ್ನದೆಂದು ಕದ್ದಿದ್ದರೆ? ಈ ಹೆದರಿಕೆ ವಾರಗಳಿಂದ ಅವನ ನಿದ್ದೆ ಕೆಡಿಸಿತ್ತು.

ಮಧ್ಯಾಹ್ನ ಮನೆಯಲ್ಲಿ ಹೆಂಡತಿ ಒನೊರಿನ್ ಬೇಯಿಸಿದ ಮೀನು, ಬೇಯಿಸಿದ ಆಲೂಗಡ್ಡೆ ಇಟ್ಟಳು. ಅವನ ಮೂಗಿಗಾಗಿ ಈ ಮನೆಯಲ್ಲಿ ಬೆಳ್ಳುಳ್ಳಿ ಇಲ್ಲ, ಈರುಳ್ಳಿ ಇಲ್ಲ, ಪರಿಮಳದ ಸಾಬೂನಿಲ್ಲ. ಒಳಗೆ ಯಾರೋ ಕಾಯಿಲೆಯವರಿದ್ದಾರೆ ಎಂದು ಬೀದಿಯವರು ನಂಬಿದ್ದಾರಂತೆ. ಅವಳೇ ಒಮ್ಮೆ ಹೇಳಿದ್ದಳು. ತಮಾಷೆಗೋ ಏನೋ, ಅವನು ಕೇಳಿರಲಿಲ್ಲ.

ಅವನು ಪಟ್ಟಿ ಚಾಚಿದ. ಅವಳು ಮೂಸಿದಳು. ತಟ್ಟೆಯಿಂದ ಮೀನಿನ ಮುಳ್ಳುಗಳನ್ನು ಒಂದೊಂದಾಗಿ ಅಂಚಿಗೆ ಸರಿಸಿದಳು.

"ಟೊಮೇಟೊ."

"ಇದರಲ್ಲಿ ಟೊಮೇಟೊ ಹಾಕಿಲ್ಲ."

"ಹಣ್ಣಲ್ಲ, ಗಿಡ. ನಾನು ಕಿತ್ತುಹಾಕಿದ ದಿನ."

ಹೊಟ್ಟೆಯಲ್ಲಿ ಮಗು ನಿಲ್ಲದೆ ಹೋದ ವರ್ಷ ಅವಳು ಬಾಲ್ಕನಿಯ ಕುಂಡಗಳಲ್ಲಿ ನೆಟ್ಟ ಗಿಡಗಳು. ಎಲೆಯ ವಾಸನೆ ಅವಳ ಕೈಗೆ, ಅವನ ಅಂಗಿಗೆ ಹತ್ತುತ್ತಿತ್ತು. ಒಂದೋ ಅವು ಇರಲಿ, ಇಲ್ಲ ನನ್ನ ಕೆಲಸ ಎಂದು ಅವನೇ ಹೇಳಿ ಹೊರಗೆ ಹೋಗಿದ್ದ. ಹಿಂತಿರುಗಿದಾಗ ಕುಂಡಗಳಲ್ಲಿ ಬರೀ ಮಣ್ಣು; ಮನೆಯ ತುಂಬ ಮುರಿದ ಕಾಂಡಗಳ ಹಸಿ ವಾಸನೆ.

ಕದ್ದದ್ದಲ್ಲ. ಅವನಿಗೆ ಮೊದಲು ಅನ್ನಿಸಿದ್ದು ಅದೇ. ಅದೇ ಮೊದಲು ಅನ್ನಿಸಿತಲ್ಲ ಎಂದು ಆಮೇಲೆ ನಾಚಿಕೆಯಾಯಿತು.

"ಹಾಗಾದ್ರೆ ಇದು ನಂದೇ," ಎಂದ.

"ನಿಂದೇ," ಎಂದಳು ಒನೊರಿನ್. "ಇನ್ನೂ ಪಟ್ಟಿ ಇದ್ರೆ ಕೊಟ್ಟು ಹೋಗು."

ಚೀಲದಲ್ಲಿದ್ದವನ್ನೆಲ್ಲ ಮೇಜಿನ ಮೇಲಿಟ್ಟು ಹೋದ.

ಮದಾಂ ವಾಲ್‌ಬೆಲ್ ಎದುರು ಅವನು ನಿಜ ಹೇಳಲು ಹೊರಟದ್ದು ಹೌದು. ಟೊಮೇಟೊ ಎಂಬ ಮಾತಿಗೇ ಅವಳು ಕೈ ಅಡ್ಡ ಹಿಡಿದಳು.

"ಟೊಮೇಟೊ ಬೇಡಪ್ಪ, ಸಲಾಡ್ ಅಂತಾರೆ ಜನ. ಅಜ್ಜಿ ಇರ್ಲಿಲ್ವಾ ನಿಮಗೆ?"

ಇದ್ದಳು. ಮೂರನೇ ಮಹಡಿಯಲ್ಲಿ ಊರವರ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು.

"ಇದ್ರು," ಎಂದ.

"ತೋಟ?"

ಅವಳ ಪೆನ್ನು ಕಾಯುತ್ತಿತ್ತು.

"ಇತ್ತು."

ಅವಳು ಬರೆದುಕೊಂಡಳು. ಎದ್ದು ಬಂದು ಎರಡೂ ಕೆನ್ನೆಗೆ ಕೆನ್ನೆ ತಾಗಿಸಿ ಅಭಿನಂದಿಸಿದಳು.

ಸಂಜೆ ಮನೆಗೆ ಬಂದಾಗ ಬಾಲ್ಕನಿಯ ಬಾಗಿಲು ತೆರೆದಿತ್ತು. ಹಳೆಯ ಕುಂಡಗಳ ಒಣಮಣ್ಣಿನಲ್ಲಿ ಅವನ ಕಾಗದದ ಪಟ್ಟಿಗಳು ಸಾಲಾಗಿ, ಬೆಳ್ಳಗೆ ನಿಂತಿದ್ದವು. ಒನೊರಿನ್ ಅವುಗಳ ಬುಡಕ್ಕೆ ನೀರು ಹಾಕುತ್ತಿದ್ದಳು, ಚೆಲ್ಲದ ಹಾಗೆ, ನಿಧಾನವಾಗಿ.

"ಮದಾಂ ಒಪ್ಪಿದ್ರು."

"ಒಳ್ಳೇದಾಯ್ತು," ಎಂದಳು, ತಿರುಗದೆ.

ನೀರು ಏರಿದ ಪಟ್ಟಿಯೊಂದು ನಡು ಬಾಗಿ ಮಣ್ಣಿಗೆ ಒರಗಿತು. ಅವನು ಹತ್ತಿರ ಬಗ್ಗಿದ. ಒದ್ದೆ ಮಣ್ಣಿನ ವಾಸನೆಯೂ ಬರಲಿಲ್ಲ. ಅಭ್ಯಾಸಬಲದಿಂದ ಮೊಣಕೈಯ ಮಡಿಕೆಯಲ್ಲಿ ಮೂಗಿಟ್ಟ. ಅಲ್ಲಿಯೂ ಏನೂ ಇರಲಿಲ್ಲ, ತನ್ನ ಮೈಯ ವಾಸನೆಯೂ. ಇನ್ನೂ ಒತ್ತಿ ಹಿಡಿದು ಮತ್ತೊಮ್ಮೆ ಉಸಿರೆಳೆದ.

ಒನೊರಿನ್ ಪಕ್ಕದ ಕುಂಡಕ್ಕೆ ಸರಿದಳು.